ಸಿಪ್ಪೆ ಎಲ್ಲಿ ಹಾಕುವುದು

ಹಲಸಿನ ಹಣ್ಣಿನ ವಾಸನೆ ಕಾಡಾನೆಗೆ ಎಷ್ಟು ದೂರದಿಂದ ಸಿಗುತ್ತದೆ ಎಂಬುದಕ್ಕೆ ನಮ್ಮ ಕಡೆ ಪ್ರತಿಯೊಬ್ಬರ ಬಳಿಯೂ ಒಂದೊಂದು ಲೆಕ್ಕವಿದೆ. ಬೆಳಗೋಡಿನ ಬಸ್ ನಿಲ್ದಾಣದಲ್ಲಿ ಒಬ್ಬರು ಒಂದು ಮೈಲಿ ಎಂದರೆ ಪಕ್ಕದಲ್ಲಿ ಕೂತವರು ಅದನ್ನು ಗುಡ್ಡ ದಾಟಿಸುತ್ತಾರೆ. ಕಾಲೇಜಿನ ದಿನಗಳಲ್ಲಿ ಚರ್ಚಾಸ್ಪರ್ಧೆಗಳಿಗೆ ಹೋಗಿ ಹೋಗಿ ನನಗೊಂದು ಚಟ ಅಂಟಿಕೊಂಡಿತ್ತು. ಯಾರು ಏನು ಹೇಳಿದರೂ "ಅದಕ್ಕೆ ಆಧಾರ ಏನು?" ಎಂದು ಕೇಳುವುದು. ಕಾನೂನು ಓದಿ ಮುಗಿಸಿ, ಪರೀಕ್ಷೆಯೊಂದಕ್ಕೆ ತಯಾರಾಗಲೆಂದು ಮನೆಗೆ ಬಂದು ಕೂತಿದ್ದಾಗಲೂ ಕೇಳುತ್ತಿದ್ದೆ.

"ಆಧಾರ ಹಿತ್ತಲಲ್ಲಿ ಐತೆ, ಹೋಗಿ ನೋಡ್ಕೊ," ಎಂದಳು ಅಮ್ಮ ಒಂದು ಬೆಳಿಗ್ಗೆ.

ಹಿತ್ತಲಲ್ಲಿ ನಮ್ಮ ಹಸಿ ಕಸದ ಗುಂಡಿ ಇತ್ತು. ಒಣ ಕಸವನ್ನು ವಾರಕ್ಕೆರಡು ಸಲ ಬರುವ ಗಾಡಿಗೆ ಕೊಡಬೇಕು, ಹಸಿ ಕಸವನ್ನು ಮನೆಯಲ್ಲೇ ಗುಂಡಿಗೆ ಹಾಕಿ ಗೊಬ್ಬರ ಮಾಡಿಕೊಳ್ಳಬೇಕು ಎಂದು ಪಂಚಾಯಿತಿಯವರು ಮನೆಮನೆಗೆ ಹೇಳಿ ಹೋಗಿದ್ದರು. ಅಪ್ಪ ಚೊಕ್ಕವಾಗಿ ಅಗೆದು, ಅಂಚಿಗೆ ಕಲ್ಲು ಜೋಡಿಸಿದ್ದರು. ಆ ಬೆಳಿಗ್ಗೆ ಗುಂಡಿಯ ಒಳಗಿದ್ದುದೆಲ್ಲ ಹೊರಗಿತ್ತು, ಕಲ್ಲುಗಳು ಬಾಳೆಯ ಬುಡದವರೆಗೆ ಉರುಳಿದ್ದವು. ಹಿಂದಿನ ದಿನ ನಾವು ಹಣ್ಣು ಬಿಡಿಸಿ ಎಸೆದ ಹಲಸಿನ ಸಿಪ್ಪೆಯಲ್ಲಿ ಒಂದು ಚೂರೂ ಉಳಿದಿರಲಿಲ್ಲ. ಹಸಿಮಣ್ಣಿನಲ್ಲಿ ಒತ್ತಿದ್ದ ಹೆಜ್ಜೆಯೊಳಗೆ ಅಪ್ಪನ ಊಟದ ತಟ್ಟೆ ಇಟ್ಟರೂ ಸುತ್ತ ಜಾಗ ಉಳಿಯುತ್ತಿತ್ತು. ಆ ಹೆಜ್ಜೆಗೂ ಅಮ್ಮ ಮಲಗುವ ಕೋಣೆಯ ಕಿಟಕಿಗೂ ನಡುವೆ ಇದ್ದದ್ದು ಬಟ್ಟೆ ಒಗೆಯುವ ಕಲ್ಲು ಮಾತ್ರ. ನಾವು ಮೂವರೂ ಏನೂ ಕೇಳಿಸಿಕೊಂಡಿರಲಿಲ್ಲ. ನನ್ನನ್ನು ಹೆದರಿಸಿದ್ದು ಅದೇ. ಅಷ್ಟು ದೊಡ್ಡ ಪ್ರಾಣಿ ಕಲ್ಲು ಉರುಳಿಸಿ, ಉಂಡು, ಹೊರಟುಹೋಗಿದೆ, ನಾವು ನಿದ್ದೆ ಮಾಡಿದ್ದೇವೆ.

ಹಿಂದೆ ಇದು ಸಮಸ್ಯೆಯೇ ಆಗಿರಲಿಲ್ಲವಂತೆ. ಹಲಸಿನ ಸಿಪ್ಪೆ, ದಿಂಡು, ಅಕ್ಕಿ ತೊಳೆದ ನೀರು, ಎಲ್ಲ ದನಕ್ಕೆ ಹೋಗುತ್ತಿತ್ತು. ಮನೆಯಲ್ಲಿ ಕಸ ಎಂದರೆ ಬೂದಿ ಮತ್ತು ಧೂಳು. ದನ ಮಾರಿ ವರ್ಷಗಳಾದವು. ಕೊಟ್ಟಿಗೆಯಲ್ಲೀಗ ಅಪ್ಪನ ಸ್ಕೂಟರ್ ನಿಲ್ಲುತ್ತದೆ, ಅದು ಸಿಪ್ಪೆ ತಿನ್ನುವುದಿಲ್ಲ.

ಅಮ್ಮ ಅವತ್ತೇ ಗುಂಡಿ ಮುಚ್ಚಿದಳು. ಮತ್ತೆ ತೋಡುವ ಮಾತು ಎತ್ತಬಾರದು ಎಂದು ಅಪ್ಪನಿಗೂ ನನಗೂ ಒಟ್ಟಿಗೇ ಹೇಳಿದಳು. ಹಾಗಾದರೆ ಹಸಿ ಕಸ ಎಲ್ಲಿ ಹೋಗುತ್ತಿದೆ ಎಂಬುದು ನನಗೆ ತಿಳಿದದ್ದು ಒಂದು ಮಂಗಳವಾರ, ಅವಳು ಗೊಬ್ಬರದ ಖಾಲಿ ಚೀಲಕ್ಕೆ ಕಸ ತುಂಬುತ್ತಿದ್ದಾಗ. ಕೆಳಗೆ ಹಾಲಿನ ಕವರ್, ನಡುವೆ ಪೇಪರಿನಲ್ಲಿ ಸುತ್ತಿದ ಹಲಸಿನ ಸಿಪ್ಪೆ, ಮೇಲೆ ಮತ್ತೆ ಬಿಸ್ಕತ್ತಿನ ಪೊಟ್ಟಣ, ಶ್ಯಾಂಪೂ ಪ್ಯಾಕೆಟ್, ಅಪ್ಪನ ಮಾತ್ರೆಯ ಖಾಲಿ ಪಟ್ಟಿ.

"ಇದು ಮೋಸ ಅಮ್ಮ," ಎಂದೆ. "ಪಂಚಾಯಿತಿಯ ಕಸದ ಶೆಡ್ಡಿನಲ್ಲಿ ಹೆಂಗಸರು ಇದನ್ನ ಕೈಯಲ್ಲಿ ಆರಿಸಬೇಕು."

"ಅವ್ರಿಗೆ ಕೈ ಗಲೀಜಾಯ್ತದೆ, ತೊಳ್ಕೊತಾರೆ. ಅದು ಮತ್ತೆ ಬಂದ್ರೆ ನಮಗೆ ಗೋಡೆ ಬೀಳ್ತದೆ. ಯಾವ್ದು ಹೆಚ್ಚು, ನೀನೇ ಹೇಳು ಲಾಯರಮ್ಮ."

"ಎರಡನ್ನ ಹಾಗೆ ತೂಗೋಕ್ಕಾಗಲ್ಲ."

"ನೀನು ತೂಗ್ತಾ ಕೂತ್ಕೊ. ಗಾಡಿ ಬರೋ ಹೊತ್ತಾಯ್ತು."

ಚೀಲವನ್ನು ತಲೆಗೇರಿಸಿಕೊಂಡು ಹೊರಟೇಬಿಟ್ಟಳು. ಕಸದ ಗಾಡಿ ನಮ್ಮ ಮನೆಯವರೆಗೆ ಬರುವುದಿಲ್ಲ. ಕೆಳಗಿನ ಡಾಂಬರು ರಸ್ತೆಯಲ್ಲಿ ಹಾಡು ಹಾಕಿಕೊಂಡು ಬಂದು ಸ್ವಲ್ಪ ಹೊತ್ತು ನಿಂತು ಹೋಗುತ್ತದೆ. ಮನೆಯಿಂದ ರಸ್ತೆಗೆ ಇಳಿಯುವುದು ಕಾಫಿ ಗಿಡಗಳ ನಡುವಿನ ಕಾಲುದಾರಿ. ಪಕ್ಕದ ದೊಡ್ಡ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿರುವ ಅಪ್ಪ ಗಾಡಿ ಬರುವ ಮುಂಚೆಯೇ ಸ್ಕೂಟರಿನಲ್ಲಿ ಕೆಲಸಕ್ಕೆ ಹೋಗುತ್ತಾರೆ. ಅವರ ಕೈಲಿ ಚೀಲ ಕಳಿಸಿ ರಸ್ತೆ ಬದಿಯಲ್ಲಿಡಿಸಿದರೆ ಗಾಡಿ ಬರುವಷ್ಟರಲ್ಲಿ ಮಂಗಗಳು ಹರಡಿರುತ್ತವೆ. ಹಾಗಾಗಿ ಅಮ್ಮನೇ ಹೊರಬೇಕು. ನನ್ನ ಕೈಲಿ ಕೊಡುತ್ತಿರಲಿಲ್ಲ. "ನೀನು ಫೋನ್ ನೋಡ್ಕೊಂಡು ನಡೀತೀಯ," ಎನ್ನುತ್ತಿದ್ದಳು.

ಅವಳ ಬೆನ್ನು ಕಾಫಿಯೊಳಗೆ ಮರೆಯಾಗುವುದನ್ನು ಜಗಲಿಯಿಂದ ನೋಡುತ್ತಿದ್ದಾಗ ನನಗೆ ಆ ಸರಳ ಸಂಗತಿ ಹೊಳೆಯಿತು. ಗುಂಡಿ ಮುಚ್ಚಿದ್ದರಿಂದ ಅಪಾಯ ಹೋಗಿರಲಿಲ್ಲ. ಹಿತ್ತಲಿನಿಂದ ಎದ್ದು ಅಮ್ಮನ ತಲೆಯ ಮೇಲೆ ಕೂತಿತ್ತು. ವಾಸನೆಗೆ ಆನೆ ಬರುತ್ತದೆ ಎಂದು ಗುಂಡಿ ಮುಚ್ಚಿದವಳು ಅದೇ ವಾಸನೆಯನ್ನು ಹೊತ್ತು ಆನೆ ಓಡಾಡುವ ದಾರಿಯಲ್ಲಿ ಒಬ್ಬಳೇ ನಡೆಯುತ್ತಿದ್ದಳು.

ವಾಪಸ್ ಬಂದ ಮೇಲೆ ಹೇಳಿದೆ. ಅಮ್ಮ ಕೈ ತೊಳೆಯುತ್ತ, "ಬೆಳಕಾದ ಮೇಲೆ ಅದು ನಿಲ್ಲಲ್ಲ ಕಣೆ, ಕಾಡಿಗೆ ಹೋಗ್ಬುಡ್ತದೆ," ಎಂದಳು. ಅವಳು ಆನೆ ಎನ್ನುವುದಿಲ್ಲ. 'ಅದು' ಎನ್ನುತ್ತಾಳೆ. ಹೆಸರು ಹಿಡಿದರೆ ಬರುತ್ತದಂತೆ.

"ಹೆಸರು ಹಿಡಿದು ಕರೆದರೆ ಬರೋದಾದರೆ, ಹೆಸರು ಹಿಡಿದು ಬೈದರೆ ಹೋಗಬೇಕಲ್ಲ?"

"ಬೈದು ನೋಡು. ನಾನು ಒಳಗಿರ್ತೀನಿ."

ಶುಕ್ರವಾರ ಬೆಳಿಗ್ಗೆ ಮಂಜು ಇಳಿದಿತ್ತು. ಅಂಗಳದ ತುದಿಯ ಸಿಲ್ವರ್ ಓಕ್ ಮರವೂ ಕಾಣುತ್ತಿರಲಿಲ್ಲ. ಅಮ್ಮ ಹೊರಟುಹೋದ ಮೇಲೆ ಕಾಫಿ ಲೋಟ ಹಿಡಿದು ಕೂತಿದ್ದಾಗ ಫೋನು ಗುಂಯ್‌ಗುಟ್ಟಿತು. ಆನೆ ಎಲ್ಲಿದೆ ಎಂದು ತಿಳಿಸುವ ನಮ್ಮ ಕಡೆಯ ವಾಟ್ಸಾಪ್ ಗುಂಪಿನಲ್ಲಿ ಯಾರದೋ ದನಿ: "ಒಂಟಿ ಸಲಗ ಕೆರೆ ಏರಿ ದಾಟಿ ಮೇಲ್ಗಡೆ ತೋಟಕ್ಕೆ ನುಗ್ಗೈತೆ. ಆ ಕಡೆಯೋರು ಹುಷಾರು ಕಣ್ರಪ್ಪ, ಕೆಲಸಕ್ಕೆ ಆಳು ಬಿಡಬೇಡಿ." ಮೇಲ್ಗಡೆ ತೋಟ ಎಂದರೆ ನಮ್ಮದು.

ಅಮ್ಮನಿಗೆ ಫೋನ್ ಮಾಡಿದೆ. ಅಡುಗೆಮನೆಯ ಗೂಡಿನಲ್ಲಿ, ಚಾರ್ಜಿಗೆ ಹಾಕಿದ್ದಲ್ಲೇ, ಅದು ಹೊಡೆದುಕೊಂಡಿತು.

ಆಗ ನನ್ನ ತಲೆ ತನಗೆ ಗೊತ್ತಿದ್ದ ಕೆಲಸವನ್ನೇ ಮಾಡಿತು. ಈ ಸಂದೇಶಗಳು ಎಷ್ಟೋ ಸಲ ಹಳೆಯವಿರುತ್ತವೆ. ಸಲಗ ಇದ್ದರೂ ಅದೇ ದಾರಿಯಲ್ಲಿ ಇರಬೇಕೆಂದೇನೂ ಇಲ್ಲ. ಇದ್ದರೂ ಎಲ್ಲ ಆನೆಯೂ ಮೈಮೇಲೆ ಬರುವುದಿಲ್ಲ. ಒಂದೊಂದು ವಾದವೂ ಗಟ್ಟಿಯಾಗಿಯೇ ಇತ್ತು. ಆದರೆ ಒಂದನ್ನೂ ನಂಬಿ ಕೂರಲಾಗಲಿಲ್ಲ. ಕೆಳಗಿನಿಂದ ಕಸದ ಗಾಡಿಯ ಹಾಡು ತೆಳ್ಳಗೆ ಕೇಳಿಸುತ್ತಿತ್ತು. ನಡುವೆಯೇ ಅದು ಪಟ್ಟನೆ ನಿಂತಿತು. ಮುಗಿದು ನಿಂತದ್ದಲ್ಲ, ಯಾರೋ ಆರಿಸಿದ್ದು. ನಾನು ಲೋಟ ಇಟ್ಟು ಇಳಿದೆ.

ಆ ದಾರಿ ನನಗೆ ಚಿಕ್ಕಂದಿನಿಂದ ಗೊತ್ತು. ಆವತ್ತು ಗೊತ್ತಿರಲಿಲ್ಲ. ಎರಡೂ ಕಡೆ ಎದೆಯೆತ್ತರದ ಕಾಫಿ, ಅದರ ಮೇಲೆ ಮಂಜು. ಎಲೆಯಿಂದ ಹನಿ ಬಿದ್ದರೂ ಯಾರೋ ಹೆಜ್ಜೆಯಿಟ್ಟಂತೆ. ಅಮ್ಮಾ ಎಂದು ಕೂಗಬೇಕೆನ್ನಿಸಿತು. ಕೂಗಿದರೆ ಆನೆಗೂ ಕೇಳುತ್ತದೆ. ಕೂಗದಿದ್ದರೆ, ಅಮ್ಮ ಎಲ್ಲಾದರೂ ಅಡಗಿ ಕೂತಿದ್ದರೆ, ನಾನು ಅದರ ಬಾಯಿಗೇ ನಡೆದುಹೋಗಬಹುದು. ಎರಡು ಕಡೆಗೂ ಸಮನಾಗಿ ಮಾತಾಡುವುದನ್ನು ನನಗೆ ಕಲಿಸಿದ್ದರು. ಆನೆಯೂ ಕೇಳಿಸಿಕೊಳ್ಳುವಲ್ಲಿ ಯಾವ ಕಡೆಗೆ ಮಾತಾಡಬೇಕೆಂದು ಯಾರೂ ಕಲಿಸಿರಲಿಲ್ಲ. ಕೂಗಲಿಲ್ಲ.

ತಿರುವಿನಲ್ಲಿ ಮೊದಲು ಮೂಗಿಗೆ ಬಂತು, ಹಸಿ ಲದ್ದಿಯ ವಾಸನೆ. ಅದರ ಮೇಲೆ ಇನ್ನೂ ಆವಿ ಆಡುತ್ತಿತ್ತು. ನಾಲ್ಕು ಮಾರು ಮುಂದೆ ನಮ್ಮ ಚೀಲ ಬಿದ್ದಿತ್ತು, ಉದ್ದಕ್ಕೆ ಸೀಳಿ. ಹಾಲಿನ ಕವರುಗಳು, ಬಿಸ್ಕತ್ತಿನ ಪೊಟ್ಟಣಗಳು ದಾರಿಯ ತುಂಬ. ಅಪ್ಪನ ಮಾತ್ರೆಯ ಪಟ್ಟಿಯೊಂದು ಕೆಸರಿನೊಳಗೆ ಚಪ್ಪಟೆಯಾಗಿ ಒತ್ತಿಹೋಗಿತ್ತು. ಹಲಸಿನ ಸಿಪ್ಪೆ ಇರಲಿಲ್ಲ. ಅಲ್ಲೇ ಬದಿಯಲ್ಲಿ, ಭಾರ ಹೊರುವಾಗ ಅಮ್ಮ ತಲೆಗೆ ಇಟ್ಟುಕೊಳ್ಳುವ ಬಟ್ಟೆಯ ಸಿಂಬಿ, ಸುತ್ತಿದ್ದು ಸುತ್ತಿದಂತೆಯೇ ಕೂತಿತ್ತು.

ನಾನು ಸಿಂಬಿಯ ಸುತ್ತಲಿನ ಮಣ್ಣು ನೋಡಿದೆ. ಏನನ್ನು ಹುಡುಕುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಳ್ಳಲಿಲ್ಲ. ಕೆಂಪು ಏನಾದರೂ ಇದೆಯೇ ಎಂದು ನೋಡುತ್ತಿದ್ದೆ. ಆ ಮಣ್ಣೇ ಕೆಂಪು.

ಎಡಗಡೆ ಒಂದು ಕೊಂಬೆ ಮುರಿಯಿತು. ನಾನು ಮೆಣಸಿನ ಬಳ್ಳಿ ಹಬ್ಬಿದ್ದ ಮರಕ್ಕೆ ಬೆನ್ನು ಹಚ್ಚಿ ನಿಂತೆ. ಏನೂ ಕಾಣಲಿಲ್ಲ. ದೊಡ್ಡ ಹೊಟ್ಟೆಯೊಳಗೆ ನೀರು ಕುದಿದಂಥ ಒಂದು ಗುಡುಗುಡು ಕೇಳಿಸಿತು, ತೀರಾ ಹತ್ತಿರದಲ್ಲಿ. ಆಮೇಲೆ ಕಾಫಿ ಗಿಡಗಳ ಮೇಲಿದ್ದ ಮಂಜಿನಲ್ಲಿ ಒಂದು ಭಾಗ ಮಾತ್ರ ಮಿಕ್ಕದ್ದಕ್ಕಿಂತ ಕಪ್ಪಗಿದೆ, ಅದು ಸರಿಯುತ್ತಿದೆ ಎಂಬುದು ಗೊತ್ತಾಯಿತು. ಅದು ನನ್ನನ್ನು ನೋಡಿತೋ ಇಲ್ಲವೋ ತಿಳಿಯದು. ಗಿಡಗಳು ಒಂದರ ಹಿಂದೊಂದು ಬಾಗಿ ಮತ್ತೆ ಎದ್ದು ನಿಂತವು, ಮೇಲುಗಡೆಗೆ, ನಮ್ಮ ಮನೆಯ ದಿಕ್ಕಿಗೆ. ಮನೆಯಲ್ಲಿ ಯಾರೂ ಇಲ್ಲ ಎಂದು ನೆನಪಾಯಿತು. ಕೆಳಕ್ಕೆ ಓಡಿದೆ.

ರಸ್ತೆಯಲ್ಲಿ ಕಸದ ಗಾಡಿ ನಿಂತಿತ್ತು. ಅದನ್ನು ಓಡಿಸುವ ಹೆಂಗಸು ಸ್ವಸಹಾಯ ಸಂಘದವರು, ಅಮ್ಮನಿಗಿಂತ ಚಿಕ್ಕವರು. ಬಾಗಿಲಿನಿಂದ ತಲೆ ಹೊರಗೆ ಹಾಕಿ, ಬೆರಳು ತುಟಿಗಿಟ್ಟು, ಹಿಂದೆ ನೋಡು ಎಂಬಂತೆ ಕಣ್ಣು ಮಾಡಿದರು. ಹಿಂದುಗಡೆ, ಊರಿನ ಚೀಲಗಳ ನಡುವೆ, ಅಮ್ಮ ಮೊಣಕಾಲು ಅಪ್ಪಿಕೊಂಡು ಕೂತಿದ್ದಳು.

"ಗಾಡಿ ಹತ್ತು ಪುಟ್ಟಿ," ಎಂದರು ಆಕೆ ಪಿಸುದನಿಯಲ್ಲಿ. "ನಿಮ್ಮಮ್ಮನ್ನ ಒಣ ಕಸದ ಕಡೆ ಹಾಕ್ಕೊಂಡಿದೀನಿ."

ಅಮ್ಮ ನನ್ನನ್ನು ಕಂಡು ಸಮಾಧಾನಪಡಲಿಲ್ಲ. ಕೈ ಹಿಡಿದು ಒಳಗೆಳೆದುಕೊಂಡು, ತೋಳಿಗೆ ಹೊಡೆದಳು. "ಯಾರು ನಿನ್ನ ಬರಕ್ಕೇಳಿದ್ದು? ಅದು ಅಲ್ಲೇ ಐತಲ್ಲೇ." ಹೊಡೆದ ಕೈಯನ್ನು ಮತ್ತೆ ತೆಗೆಯಲಿಲ್ಲ. ಆ ಕೈ ಹಲಸಿನ ವಾಸನೆ ಹೊಡೆಯುತ್ತಿತ್ತು.

ಗಾಡಿ ಮುಂದೆ ಹೋಗಿ ಶಾಲೆಯ ಹತ್ತಿರ ನಿಂತ ಮೇಲೆ ಅವಳು ಹೇಳಿದಳು. ತಿರುವಿನಲ್ಲಿ ಅದು ದಾರಿಗೆ ಅಡ್ಡ ನಿಂತಿತ್ತಂತೆ. ಚೀಲವನ್ನು ಅದರ ಕಡೆ ಎಸೆದು, ಕಾಫಿಯೊಳಗೆ ನುಗ್ಗಿ ರಸ್ತೆಗೆ ಬಿದ್ದಳಂತೆ. ಅದು ಅವಳ ಹಿಂದೆ ಬರದೆ ಚೀಲದ ಮೇಲೆ ಕಾಲಿಟ್ಟಿತಂತೆ.

"ಸಿಪ್ಪೆ ಇದ್ದಿದ್ಕೆ ಉಳ್ಕೊಂಡೆ," ಎಂದಳು.

"ಸಿಪ್ಪೆ ಇದ್ದಿದ್ದಕ್ಕೇ ಅದು ಬಂದದ್ದು."

"ಬರೀ ಕವರ್ ಇದ್ದಿದ್ರೆ ನನ್ನ ಹಿಂದೆ ಬರ್ತಿತ್ತು."

"ಬರೀ ಕವರ್ ಇದ್ದಿದ್ದರೆ ಅಲ್ಲಿ ನಿಲ್ಲುತ್ತಲೇ ಇರಲಿಲ್ಲ."

ಗಾಡಿಯವರು ಇಬ್ಬರನ್ನೂ ನೋಡಿದರು. "ಅದು ಹೆಂಗಾದ್ರೂ ಇರ್ಲಿ ಅಕ್ಕ. ಒಣ ಕಸದಾಗೆ ಹಲಸಿನ ಸಿಪ್ಪೆ ಯಾಕೆ ಬಂತು? ಅದನ್ನೇಳಿ ಮೊದಲು."

ಅಮ್ಮ ಸೆರಗಿಗೆ ಕೈ ಒರೆಸಿಕೊಂಡಳು. ಆಕೆಯೇ, "ನಮ್ಮನೆ ಗುಂಡಿನೂ ಮುಚ್ಚಿದೀವಿ ಬಿಡಿ," ಎಂದು ಗಾಡಿ ತಿರುಗಿಸಿದರು.

ಅಂದು ಮಧ್ಯಾಹ್ನ ಅಪ್ಪ ಎಸ್ಟೇಟಿನ ಇಬ್ಬರನ್ನು ಕರೆತಂದು ಮನೆ ಪಕ್ಕದ ಮರದಲ್ಲಿದ್ದ ಹಲಸನ್ನೆಲ್ಲ, ಬಲಿತದ್ದು ಎಳೆಯದ್ದು ಎನ್ನದೆ ಕೆಡವಿಸಿ, ಕೆಳಗಿನ ರಸ್ತೆಗೆ ಹೊರಿಸಿ, ಜೀಪಿನಲ್ಲಿ ಹೇರಿ ಕಳಿಸಿಬಿಟ್ಟರು. ಆದರೂ ಒಣ ಕಸ ಉಳಿಯಿತು, ದಾರಿಯೂ ಉಳಿಯಿತು. ವಾರಕ್ಕೆರಡು ಸಲ ಈಗ ಇಬ್ಬರೂ ಇಳಿಯುತ್ತೇವೆ. ಮುಂದೆ ಯಾರು, ಹಿಂದೆ ಯಾರು ಎಂಬುದಕ್ಕೆ ಜಗಳವಾಗುತ್ತದೆ. ಮುಂದೆ ಹೋಗುವವರಿಗೆ ಆನೆ ಮೊದಲು ಸಿಗುತ್ತದೆ ಎಂದು ಅವಳು, ಹಿಂದಿನಿಂದಲೂ ಬರಬಹುದು ಎಂದು ನಾನು.

ಅಮ್ಮ ಈಗ ಪ್ರತಿ ಹಾಲಿನ ಕವರನ್ನೂ ಕತ್ತರಿಸಿ, ಸೋಪು ಹಾಕಿ ತೊಳೆದು, ತಂತಿಯ ಮೇಲೆ ಒಣಗಿಸುತ್ತಾಳೆ. ಬಿಸ್ಕತ್ತಿನ ಪೊಟ್ಟಣವನ್ನೂ, ಬೆಲ್ಲ ಕಟ್ಟಿಕೊಟ್ಟ ಪ್ಲಾಸ್ಟಿಕ್ಕನ್ನೂ. ಒಣಗಿದ ಮೇಲೆ ಒಂದೊಂದನ್ನೇ ಮೂಗಿಗೆ ಹಿಡಿದು ನೋಡುತ್ತಾಳೆ. ಇಡೀ ಪಂಚಾಯಿತಿಯಲ್ಲಿ ನಮ್ಮದೇ ಚೊಕ್ಕ ಕಸವೆಂದು ಗಾಡಿಯವರು ಹೇಳುತ್ತಾರೆ. ಯಾರೋ ಸದಸ್ಯರು ನಮ್ಮ ಚೀಲದ ಫೋಟೋ ತೆಗೆದುಕೊಂಡು, ಎಲ್ಲರೂ ಹೀಗೆ ಮಾಡಬೇಕು ಎಂದರು. ನನಗೆ ಅದಕ್ಕೂ ಒಂದು ಮಾತು ಇತ್ತು. ಆದರೆ ಅಮ್ಮನ ಬೆರಳ ತುದಿಗಳು ಸೋಪಿನಿಂದ ಬಿಳುಚಿಕೊಂಡಿರುವುದು ಕಂಡು, ಚೀಲ ಎತ್ತಿ ಗಾಡಿಗೆ ಹಾಕಿದೆ.

ಹಸಿ ಕಸಕ್ಕೆ ಇನ್ನೂ ದಾರಿ ಸಿಕ್ಕಿಲ್ಲ. ಸೊಪ್ಪಿನ ದಂಟು, ಈರುಳ್ಳಿ ಸಿಪ್ಪೆ ಬೂದಿಯಲ್ಲಿ ಬೆರೆತು ಕಾಫಿ ಬುಡ ಸೇರುತ್ತದೆ. ಅದಕ್ಕಿಂತ ಹೆಚ್ಚಿನ ವಾಸನೆಯದು ಮನೆಗೆ ಬರುವುದೇ ನಿಂತಿದೆ. ಬಾಳೆಹಣ್ಣನ್ನು ಅಪ್ಪ ಕೆಲಸದ ಜಾಗದಲ್ಲೇ ತಿಂದು ಬರುತ್ತಾರೆ.

ಹೋದ ವಾರ ಸಕಲೇಶಪುರಕ್ಕೆ ಸಂತೆಗೆ ಹೋಗಿದ್ದೆವು. ಅಮ್ಮ ಅನಾನಸಿನ ರಾಶಿಯ ಮುಂದೆ ನಿಂತು ಒಂದನ್ನು ಎತ್ತಿಕೊಂಡಳು. ಅವಳಿಗೆ ಅದು ಬಹಳ ಇಷ್ಟ. ಬುಡವನ್ನು ಮೂಗಿನ ಹತ್ತಿರ ಹಿಡಿದು ಉದ್ದಕ್ಕೆ ಉಸಿರೆಳೆದಳು.

"ತಗೊಳ್ಳಿ ಅಮ್ಮಾ, ಸಕ್ಕರೆ ಹಂಗೈತೆ. ಕುಯ್ದಿಟ್ರೆ ಮನೆಯೆಲ್ಲಾ ಘಮ್ ಅಂತದೆ," ಎಂದ ಅಂಗಡಿಯವನು.

ಅಮ್ಮ ಹಣ್ಣನ್ನು ಇದ್ದಲ್ಲೇ ಇಟ್ಟಳು. "ಘಮ್ ಅನ್ನದೇ ಇರೋದು ಏನೈತಪ್ಪ?" ಎಂದು ಕೇಳಿದಳು. ಅವನು ತಮಾಷೆ ಎಂದುಕೊಂಡು ನಕ್ಕು ನನ್ನ ಮುಖ ನೋಡಿದ. ನಾನು ಹೀರೇಕಾಯಿ ಎಲ್ಲಿದೆ ಎಂದು ಕೇಳಿದೆ.