ದಮಯಂತಿಯ ಎಡಗಾಲು

ದಮಯಂತಿ ಐರೋಲಿಯ ಒಂದು ಐಟಿ ಪಾರ್ಕಿನ ಕ್ಯಾಂಟೀನಿನಲ್ಲಿ ಅಡುಗೆಮನೆಯ ಸೂಪರ್‌ವೈಸರ್. ತವರು ಕಾಪುವಿನ ಕಡೆ. ಮದುವೆಯಾಗಿ ಡೊಂಬಿವಲಿಗೆ ಬಂದು ಇಪ್ಪತ್ತಾರು ವರ್ಷ ಆಗಿತ್ತು. ಕ್ಯಾಂಟೀನಿನವರು ಅವಳಿಗೆ ಹೆದರುತ್ತಿದ್ದುದು ಒಂದೇ ಕಾರಣಕ್ಕೆ: ಕೊಳಕು ಕಂಡರೆ ಅವಳಿಗೆ ಆಗದು. ಬೆಳಿಗ್ಗೆ ಎಲ್ಲರ ಉಗುರು ನೋಡುತ್ತಿದ್ದಳು. ಹಳೇ ಎಣ್ಣೆಯನ್ನು ವಾಸನೆಯಿಂದಲೇ ಹಿಡಿದು ಚೆಲ್ಲಿಸುತ್ತಿದ್ದಳು.

ಕಳೆದ ಮಳೆಗಾಲದಲ್ಲಿ ಇಡ್ಲಿ ಹಿಟ್ಟಿನ ದೊಡ್ಡ ಪಾತ್ರೆ ಎತ್ತುವಾಗ ಅವಳ ಸೊಂಟದಲ್ಲಿ ಚಳಕ್ ಎಂದಿತು. ನಾಲ್ಕು ದಿನದಲ್ಲಿ ನೋವು ಸೊಂಟ ಬಿಟ್ಟು ಎಡಗಾಲಿಗೆ ಇಳಿಯಿತು. ಕುಂಡೆಯಿಂದ ಹೊರಟು, ತೊಡೆಯ ಹಿಂಭಾಗ ಸುಡುತ್ತಾ, ಮೀನಖಂಡ ದಾಟಿ ಕಿರುಬೆರಳಿನವರೆಗೆ. ಕೆಮ್ಮಿದರೆ ಕರೆಂಟು ಹೊಡೆದ ಹಾಗೆ. ಲೋಕಲ್ ರೈಲಿನಲ್ಲಿ ಸೀಟು ಸಿಕ್ಕಿದರೂ ಠಾಣೆಯವರೆಗೆ ಕೂರಲಾಗುತ್ತಿರಲಿಲ್ಲ. ಎದ್ದು ಒಂದೇ ಕಾಲಿನ ಮೇಲೆ ನಿಲ್ಲುತ್ತಿದ್ದಳು. "ಬೈಠ್‌ನಾ ನಹೀಂ ಥಾ ತೋ ಸೀಟ್ ಕ್ಯೂಂ ಪಕಡಾ?" ಕೂರುವುದಿಲ್ಲವಾದರೆ ಸೀಟು ಯಾಕೆ ಹಿಡಿದೆ ಎಂದು ಒಬ್ಬಳು ಮುಖಕ್ಕೇ ಕೇಳಿದ್ದಳು. ಆ ಇಕ್ಕಟ್ಟು, ಬೆವರು, ಕಾಲಿಗೆ ತಾಗುವ ಒದ್ದೆ ಚೀಲಗಳು, ಎಲ್ಲಕ್ಕಿಂತ ಹೆಚ್ಚಾಗಿ ತಾನು ಹೇಳಿದಂತೆ ಕೇಳದ ತನ್ನದೇ ಕಾಲು, ಎಲ್ಲವೂ ಅವಳಿಗೆ ಹೇಸಿಗೆ ಹುಟ್ಟಿಸತೊಡಗಿದವು.

ಗಂಡ ವಸಂತಕುಮಾರ ಠಾಕುರ್ಲಿಯ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಒಂದು ಸಂಜೆ ಉತ್ಸಾಹದಿಂದ ಬಂದ.

"ನಮ್ಮ ಹೋಟೆಲಿಗೆ ಬರುವ ಒಬ್ಬರಿಗೆ ನಡೀಲಿಕ್ಕೇ ಆಗ್ತಿರ್ಲಿಲ್ಲ ಮಾರಾಯ್ತಿ. ಕಲ್ಯಾಣದಲ್ಲಿ ಒಬ್ಬ ವೈದ್ಯ ಇದ್ದಾನಂತೆ, ಕಾಲಿನ ಕೆಟ್ಟ ರಕ್ತ ತೆಗೀತಾನಂತೆ. ಅವರೀಗ ಓಡ್ತಾರೆ."

"ಮಮ್ಮಿ, ಪೆಹಲೇ ಡಾಕ್ಟರ್ ಕೋ ದಿಖಾವ್ ನಾ," ಮೊದಲು ಡಾಕ್ಟರಿಗೆ ತೋರಿಸು ಎಂದಳು ಮಗಳು ಪ್ರೇಕ್ಷಾ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಹಿಂದಿ.

"ಡಾಕ್ಟ್ರು ಅಂದ್ರೆ ಸೀದಾ ಆಪರೇಷನ್ ಅಂತಾರೆ," ಎಂದ ವಸಂತಕುಮಾರ. ದಮಯಂತಿಗೂ ಅದೇ ಹೆದರಿಕೆ ಇತ್ತು. ಹೋದಳು.

ಕಲ್ಯಾಣ ಸ್ಟೇಷನ್ನಿನ ಹಿಂದಿನ ಗಲ್ಲಿಯ ಒಂದು ಕೋಣೆ. ಅವಳನ್ನು ಬೋರಲು ಮಲಗಿಸಿ ಮೀನಖಂಡದ ಮೇಲೆ ಬ್ಲೇಡಿನಿಂದ ಸಣ್ಣ ಸಣ್ಣ ಗೀರು ಹಾಕಿದರು, ಮೇಲೆ ಪ್ಲಾಸ್ಟಿಕ್ ಕಪ್ಪು ಅಂಟಿಸಿ ಗಾಳಿ ಎಳೆದರು. ಕೊನೆಗೆ ವೈದ್ಯ ಕಪ್ಪಿನಲ್ಲಿ ಹೆಪ್ಪುಗಟ್ಟಿದ ರಕ್ತ ತೋರಿಸಿ, "ದೇಖೋ ಬಹನ್, ಕಿತ್ನಾ ಗಂದಾ ಖೂನ್," ಎಷ್ಟು ಕೊಳಕು ರಕ್ತ ನೋಡು ಎಂದ. ಅವಳಿಗೆ ವಾಕರಿಕೆ ಬಂತು. ಆದರೂ ಕೊಳೆ ಹೊರಗೆ ಹೋಯಿತಲ್ಲ ಎಂದು ಸಮಾಧಾನವಾಯಿತು. ಎರಡು ದಿನ ಹಗುರ ಅನ್ನಿಸಿತು. ಮೂರನೆಯ ದಿನ ನೋವು ಮರಳಿತು.

ಎರಡನೇ ಸಲ ಹೋದಾಗ ಬಹಳ ಜನ ಕಾಯುತ್ತಿದ್ದರು. ಅವಳು ಫೋನಿನಲ್ಲಿ ಕನ್ನಡ ಮಾತಾಡಿದ್ದು ಕೇಳಿ ಪಕ್ಕದ ಹೆಂಗಸು ತಿರುಗಿದಳು. ಕಲಬುರಗಿ ಕಡೆಯ ಸತ್ಯಮ್ಮ. ಕಟ್ಟಡದ ಕೆಲಸಕ್ಕೆ ಇಟ್ಟಿಗೆ ಹೊರುವವಳು.

"ನೀವೂ ನಮ್ಮ ಕಡೆಯವರೇನ್ರಿ ಅಕ್ಕೋರೆ? ಎರಡು ತಿಂಗಳಾತು ಇಲ್ಲಿಗೆ ಬರಾಕತ್ತಿ. ಮೊದ್ಲು ಬರೀ ನೋವಿತ್ತು. ಈಗ ಕಾಲಾಗಿಂದ ಚಪ್ಪಲ್ ಜಾರಿ ಹೋದ್ರೂ ಗೊತ್ತಾಗವಲ್ದು."

ಸರದಿ ತಡವಾಯಿತು. ಕೈ ತೊಳೆಯಲು ಜಾಗ ಹುಡುಕುತ್ತಾ ದಮಯಂತಿ ಹಿಂದಿನ ಪರದೆ ಸರಿಸಿದಳು.

ಅಲ್ಲಿ ಒಬ್ಬ ಗಂಡಸು ಬಕೆಟ್ಟಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ನೀರು ಗುಲಾಬಿ ಬಣ್ಣಕ್ಕೆ ತಿರುಗಿತ್ತು; ಮೇಲೆ ಕಂದು ಚೂರುಗಳು ತೇಲುತ್ತಿದ್ದವು. ಅವನು ಕಪ್ಪುಗಳನ್ನು ಅದರಲ್ಲೇ ಅದ್ದಿ ತೆಗೆದು ಸಾಲಾಗಿ ಜೋಡಿಸುತ್ತಿದ್ದ. ಬ್ಲೇಡನ್ನು ಒಂದು ಜಿಡ್ಡು ಬಟ್ಟೆಗೆ ಒರೆಸಿ ತಟ್ಟೆಗೆ ಇಟ್ಟ. ಪಕ್ಕದ ಮಂಚದ ಬಳಿಯಿದ್ದ ವೈದ್ಯ ಕೈ ಚಾಚಿ ಅದನ್ನೇ ಎತ್ತಿಕೊಂಡು ಮುಂದಿನವನ ಕಾಲಿಗೆ ಬಗ್ಗಿದ. ಒಂದು ನೊಣ ಕಪ್ಪಿನ ಅಂಚಿನಿಂದ ಎದ್ದು ಅವಳ ತೋಳಿನ ಮೇಲೆ ಕೂತಿತು.

ದಮಯಂತಿ ಅಲ್ಲೇ ಮೋರಿಗೆ ವಾಂತಿ ಮಾಡಿಕೊಂಡಳು. ಇದೇ ನೀರಿನಲ್ಲಿ ಅದ್ದಿದ ಕಪ್ಪು ತನ್ನ ಹಸಿ ಗೀರುಗಳ ಮೇಲೆ ಕೂತಿತ್ತು. ದುಡ್ಡು ಕೊಟ್ಟು, ತಾನಾಗಿಯೇ ಮಲಗಿ ಕೂರಿಸಿಕೊಂಡಿದ್ದಳು.

"ಯೇ ಬ್ಲೇಡ್ ಪೆಹಲೇ ಕಿಸ್ಕೇ ಪೈರ್ ಪೇ ಚಲಾ?" ಈ ಬ್ಲೇಡು ಮೊದಲು ಯಾರ ಕಾಲಿನ ಮೇಲೆ ಓಡಿತು ಎಂದು ಕೂಗಿದಳು.

ವೈದ್ಯ ತಲೆ ಕೂಡ ಎತ್ತಲಿಲ್ಲ. "ಬಹನ್, ಹಮ್ ಬೀಮಾರಿ ನಿಕಾಲ್‌ತೇ ಹೈಂ. ರೋಟಿ ನಹೀಂ ಬನಾತೇ." ತಾವು ರೋಗ ತೆಗೆಯುವವರು, ರೊಟ್ಟಿ ಮಾಡುವವರಲ್ಲ ಎಂದ.

ಅವಳು ಹೊರಗೆ ಬಂದು ಕಂಡದ್ದನ್ನೆಲ್ಲ ಹೇಳಿದಳು. ಕೆಲವರು ನೆಲ ನೋಡಿದರು. ಒಬ್ಬ, ನಿನ್ನಿಂದ ನಮ್ಮ ನಂಬರ್ ತಡವಾಗುತ್ತಿದೆ ಎಂದು ರೇಗಿದ. ಎದ್ದವಳು ಸತ್ಯಮ್ಮ ಒಬ್ಬಳೇ.

"ಥೂ! ನಮ್ಮ ಮನಿ ಭಾಂಡೆನೂ ಇಂಥಾ ನೀರಾಗ ತೊಳ್ಯಂಗಿಲ್ಲ. ನಡೀರಿ ಅಕ್ಕೋರೆ."

ಮರುದಿನ ಇಬ್ಬರೂ ಸರ್ಕಾರಿ ಆಸ್ಪತ್ರೆಗೆ ಹೋದರು. ಅಲ್ಲಿನ ಡಾಕ್ಟರಮ್ಮ ದಮಯಂತಿಯನ್ನು ಮಲಗಿಸಿ ಕಾಲನ್ನು ನೇರವಾಗಿ ಎತ್ತಿದರು, ಸಣ್ಣ ಸುತ್ತಿಗೆಯಿಂದ ಮೊಣಕಾಲು ತಟ್ಟಿದರು, ತುದಿಗಾಲಲ್ಲೂ ಹಿಮ್ಮಡಿಯಲ್ಲೂ ನಡೆಸಿದರು. ಸೊಂಟದಿಂದ ಇಳಿಯುವ ನರಕ್ಕೆ ಒತ್ತಡ ಬಿದ್ದಿರಬಹುದು, ಸಿಯಾಟಿಕಾ ಅನ್ನಿಸುತ್ತದೆ ಎಂದು ಮರಾಠಿಯಲ್ಲಿ ತಿಳಿಸಿದರು. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಹಾಸಿಗೆ ಹಿಡಿಯಬೇಡಿ, ಆಗುವಷ್ಟು ನಡೆಯಿರಿ, ಭಾರ ಎತ್ತಬೇಡಿ, ಹೇಳಿಕೊಟ್ಟ ವ್ಯಾಯಾಮ ಬಿಡಬೇಡಿ. ಪಾದ ಸೋತರೆ, ತೊಡೆಸಂದು ಮರಗಟ್ಟಿದರೆ, ಮೂತ್ರದ ಹಿಡಿತ ತಪ್ಪಿದರೆ ಮಾತ್ರ ಅದೇ ದಿನ ಓಡಿ ಬರಬೇಕು. ಆಮೇಲೆ ಸೀರೆಯ ಅಂಚು ಸರಿಸಿ ಗೀರುಗಳನ್ನು ನೋಡಿದವರ ಮುಖ ಹಿಂಡಿಕೊಂಡಿತು.

"ಹೇ ಕೋಣೀ ಕೇಲಂ?"

ಯಾರು ಮಾಡಿದ್ದೆಂದು ಕೇಳಿದಾಗ ದಮಯಂತಿ ಸೀರೆಯ ಅಂಚನ್ನು ಮತ್ತೆ ಕೆಳಗೆ ಎಳೆದುಕೊಂಡಳು. ರಕ್ತದಿಂದ ಹರಡುವ ಕಾಮಾಲೆ, ಎಚ್‌ಐವಿ ಎರಡಕ್ಕೂ ರಕ್ತಪರೀಕ್ಷೆ ಈಗೊಮ್ಮೆ, ಮೂರು ತಿಂಗಳ ನಂತರ ಮತ್ತೊಮ್ಮೆ ಆಗಬೇಕೆಂದು ಡಾಕ್ಟರಮ್ಮ ಬರೆದುಕೊಟ್ಟರು.

ಸತ್ಯಮ್ಮನ ಸರದಿ ಬಂತು. ಹೆಬ್ಬೆರಳು ಮೇಲೆತ್ತು ಎಂದರೆ ಬೆರಳು ಕದಲಲಿಲ್ಲ. ಅವಳು ಅದನ್ನೇ ದಿಟ್ಟಿಸಿ ಮತ್ತೆ ಮತ್ತೆ ಪ್ರಯತ್ನಿಸಿದಳು. ಅದೇ ಮಧ್ಯಾಹ್ನ ಅವಳನ್ನು ದೊಡ್ಡ ಆಸ್ಪತ್ರೆಗೆ ಕಳಿಸಿದರು. ವಾರದೊಳಗೆ ಬೆನ್ನಿನ ಆಪರೇಷನ್ ಆಯಿತು.

ದಮಯಂತಿಯ ನೋವು ಐದನೇ ವಾರಕ್ಕೆ ತೊಡೆಯವರೆಗೆ ಹಿಂದೆ ಸರಿಯಿತು. ಆದರೆ ಆ ಮೂರು ತಿಂಗಳು ಅವಳು ಮನೆಯಲ್ಲಿ ತನ್ನ ಟವೆಲು, ತನ್ನ ಸೋಪು ಬೇರೆ ಇಟ್ಟಳು. ಮಗಳು ತಬ್ಬಿಕೊಳ್ಳಲು ಬಂದರೆ ಗೀರು ತಾಗೀತೆಂದು ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು.

"ನಾನೇ ಕಳ್ಸಿದ್ದಲ್ವಾ," ಎಂದ ವಸಂತಕುಮಾರ ಒಮ್ಮೆ.

"ಹೌದು, ನೀವೇ," ಎಂದಳು. ಹಾಗೆಲ್ಲ ಇಲ್ಲ ಬಿಡಿ ಎನ್ನುವ ಮನಸ್ಸು ಅವಳಿಗೆ ಬರಲಿಲ್ಲ.

ಎರಡನೇ ಪರೀಕ್ಷೆಯೂ ಚೊಕ್ಕವಾಗಿ ಬಂತು. ಅಂದೇ ಹೋಗಿ ಆ ವೈದ್ಯನ ಮೇಲೆ ದೂರು ಕೊಟ್ಟಳು. ಕೋಣೆಗೆ ಬೀಗ ಬಿತ್ತು. ಹದಿನೈದು ದಿನಕ್ಕೆ ಪಕ್ಕದ ಗಲ್ಲಿಯಲ್ಲಿ ಬೇರೆ ಬೋರ್ಡು ಎದ್ದಿತು. ಅವಳು ಮತ್ತೆ ದೂರು ಕೊಟ್ಟಿದ್ದಾಳೆ.

ಸತ್ಯಮ್ಮ ಈಗ ಪಾದ ಜೋತು ಬೀಳದಂತೆ ಪಟ್ಟಿ ಕಟ್ಟಿಕೊಂಡು ನಡೆಯುತ್ತಾಳೆ. ಇಟ್ಟಿಗೆ ಹೊರುವಂತಿಲ್ಲ, ಸೈಟಿನ ಗೇಟಿನಲ್ಲಿ ಕೂತು ಲಾರಿಯವರಿಂದ ನಂಬರ್ ಬರೆಸಿಕೊಳ್ಳುತ್ತಾಳೆ. ಕಳೆದ ಶನಿವಾರ ದಮಯಂತಿ ನೋಡಲು ಹೋದಾಗ ಪಟ್ಟಿ ಬಿಚ್ಚಿ ಹೆಬ್ಬೆರಳು ತೋರಿಸಿದಳು. ಕೂದಲೆಳೆಯಷ್ಟು ಕದಲಿತು.

"ಎರಡು ತಿಂಗಳು ಅಲ್ಲಿ ಕಳೀಲಿಲ್ಲ ಅಂದಿದ್ರ ಪೂರಾ ಏಳ್ತಿತ್ತಂತರಿ," ಎಂದಳು ಸತ್ಯಮ್ಮ.

ದಮಯಂತಿ ಆ ಪಟ್ಟಿಯನ್ನು ಕೈಗೆತ್ತಿಕೊಂಡು ಸತ್ಯಮ್ಮನ ಪಾದಕ್ಕೆ ಬಿಗಿಯಾಗಿ ಕಟ್ಟತೊಡಗಿದಳು.