ಒಂದೇ ಟ್ರೆಂಚಿನ ರಿಂಗ್

ಕ್ಷಮಿಸಿಬಿಡು ಎಂದು ಬಹಳ ಜನ ಹೇಳಿದರು. ಕ್ಷಮೆ ದೊಡ್ಡ ಗುಣವಂತೆ. ಇರಬಹುದು. ಆದರೆ ತುಂಬಿದ ಕೋಣೆಯಲ್ಲಿ ಮಾನ ಕಳೆದು ಖಾಲಿ ಲಿಫ್ಟಿನಲ್ಲಿ ಸಮಾಧಾನ ಮಾಡಿದವರನ್ನು ಎಲ್ಲಿ ಕ್ಷಮಿಸಬೇಕು, ಕೋಣೆಯಲ್ಲೋ ಲಿಫ್ಟಿನಲ್ಲೋ? ಇದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

ಗೋರೆಗಾಂವ್‌ನಲ್ಲಿ ದೊಡ್ಡದೊಂದು ಕಾಂಪ್ಲೆಕ್ಸ್ ಏಳುತ್ತಿತ್ತು. ವಸತಿ ಟವರುಗಳು, ನಡುವೆ ಮಾಲ್, ತುದಿಯಲ್ಲಿ ಆಸ್ಪತ್ರೆ. ಅದರ ವಿದ್ಯುತ್ ಜಾಲದ ವಿನ್ಯಾಸ ನಮ್ಮ ಆಫೀಸಿನದು. ನಾನು ಕೆಲಸಕ್ಕೆ ಸೇರಿದ ಎರಡನೇ ವರ್ಷ ಅದು. ನನ್ನ ಮೇಲಧಿಕಾರಿ ಮೈಸೂರು ಕಡೆಯವರು. ಆಫೀಸಿನಲ್ಲಿ ಕನ್ನಡದವರೆಂದರೆ ನಾವಿಬ್ಬರೇ. ನಾನು ಮುಲುಂಡ್‌ನಲ್ಲಿ ಬೆಳೆದವಳಾದರೂ ಅಪ್ಪ ಬಾಗಲಕೋಟೆಯವರು, ನನ್ನ ಮಾತು ಆ ಕಡೆಯದು. ಅದನ್ನು ಕೇಳಿ ಸಾಹೇಬರು ನಗುತ್ತಿದ್ದರು. ಅದು ಪ್ರೀತಿಯ ನಗು ಎಂದುಕೊಂಡಿದ್ದೆ.

ಇಂಥ ಜಾಗಕ್ಕೆ ಹನ್ನೊಂದು ಸಾವಿರ ವೋಲ್ಟಿನ ಕರೆಂಟು ಗೇಟಿನ ಬಳಿಗೆ ಬರುತ್ತದೆ. ಅಲ್ಲಿಂದ ಹೊರಟ ಕೇಬಲ್ ಪ್ರತಿ ಕಟ್ಟಡದ ಟ್ರಾನ್ಸ್‌ಫಾರ್ಮರನ್ನೂ ಮುಟ್ಟುತ್ತ ಸುತ್ತು ಹಾಕಿ ಮತ್ತೆ ಗೇಟಿಗೇ ಮರಳುತ್ತದೆ. ಅದೇ ರಿಂಗ್. ಒಂದು ಬದಿ ಕಡಿದರೆ ಇನ್ನೊಂದು ಬದಿಯಿಂದ ಕರೆಂಟು ಕೊಡಬಹುದು. ಈ ಊರಿನಲ್ಲಿ ಕೇಬಲ್ ಕಡಿಯದೆ ಇರುವುದೇ ಆಶ್ಚರ್ಯ. ಯಾರಾದರೂ ಏನಾದರೂ ಅಗೆಯುತ್ತಲೇ ಇರುತ್ತಾರೆ. ಹಾಗಾಗಿ ಹೋಗುವ ಕೇಬಲನ್ನು ನಾನು ಪಶ್ಚಿಮದ ರಸ್ತೆಯಲ್ಲೂ ಮರಳುವುದನ್ನು ಪೂರ್ವದ ನಾಲಾ, ಅಂದರೆ ದೊಡ್ಡ ಚರಂಡಿಯ, ಬದಿಯಲ್ಲೂ ನಕ್ಷೆಯಲ್ಲಿ ಎಳೆದಿದ್ದೆ. ನಾಲಾ ಬದಿಯಲ್ಲಿ ಅಗೆಯುವುದು ತಲೆನೋವು ಎಂದು ಸಾಹೇಬರು ಎರಡನ್ನೂ ಪಶ್ಚಿಮದ ಟ್ರೆಂಚಿಗೇ, ಕೇಬಲ್ ಹೂಳಲು ಅಗೆಯುವ ಒಂದೇ ಸಾಲಿಗೆ, ಹಾಕಿಸಿದರು.

"ಸರ್, ಅಗಿಯೋ ಮಷಿನ್ ಒಮ್ಮೆ ಬಾಯಿ ಹಾಕಿದ್ರ ಎರಡೂ ಹೋಗ್ತಾವ್ರೀ," ಎಂದೆ.

"ಸರ್ಕ್ಯೂಟ್ ಡ್ರಾಯಿಂಗ್ ನೋಡಮ್ಮ. ಅದ್ರಲ್ಲಿ ರಿಂಗ್ ಇದ್ಯೋ ಇಲ್ವೋ?"

"ಕಾಗದದ ಮ್ಯಾಲ ಐತ್ರಿ."

"ಹಾಗಿದ್ಮೇಲೆ ಮುಗೀತಲ್ಲ. ಇದು ನಿನ್ನ ಪಾರ್ಲೆ ಕಾಲೇಜಿನ ಡಿಬೇಟ್ ಅಲ್ಲ."

ಗ್ರಾಹಕರ ಜೊತೆಗಿನ ಮೊದಲ ಸಭೆಯಲ್ಲಿ ಅವರ ಚೀಫ್ ಎಂಜಿನಿಯರ್, ಕಡಿಮೆ ಮಾತಿನ ಮರಾಠಿ ಮನುಷ್ಯ, ನಕ್ಷೆಯ ಮೇಲೆ ಬೆರಳಿಟ್ಟು ಎರಡೂ ಕೇಬಲ್ ಒಟ್ಟಿಗೆ ಏಕೆ ಎಂದು ಕೇಳಿದರು. ಸಾಹೇಬರು ಕಣ್ಣು ಕೂಡ ಮಿಟುಕಿಸಲಿಲ್ಲ. "ಲಡ್ಕೀ ನಯೀ ಹೈ, ರೂಟ್ ಉಸೀ ನೇ ಡಾಲಾ. ಗಲತೀ ಹೋ ಗಯೀ," ಎಂದರು. ಹುಡುಗಿ ಹೊಸಬಳು, ತಪ್ಪು ಅವಳದು. "ಡಿಬೇಟ್ ಚಾಂಪಿಯನ್ ಹೈ, ಕೇಬಲ್ ಸೇ ಭೀ ಬಹಸ್ ಕರ್ತೀ ಹೈ." ಕೇಬಲ್ ಜೊತೆಗೂ ವಾದಕ್ಕಿಳಿಯುತ್ತಾಳೆ ಎಂಬ ಮಾತಿಗೆ ಮೇಜಿನ ಸುತ್ತ ನಗು.

ಕೆಳಗಿಳಿಯುವಾಗ ಲಿಫ್ಟಿನಲ್ಲಿ ಕನ್ನಡ ಬಂತು. "ಬೇಜಾರ್ ಮಾಡ್ಕೋಬೇಡಮ್ಮ. ನಾವ್ನಾವೇ ತಾನೆ?"

ಆಗಲೇ ಏಕೆ ಪ್ರತಿಭಟಿಸಲಿಲ್ಲ ಎಂದು ನೀವು ಕೇಳಬಹುದು. ಆರೋಪ ಹೊತ್ತವಳು ಆ ಕ್ಷಣದಲ್ಲಿ ಏನು ಹೇಳಿದರೂ ಅದು ನೆಪವಾಗಿಯೇ ಕೇಳಿಸುತ್ತದೆ. ಕಾಲೇಜಿನ ಡಿಬೇಟ್ ವೇದಿಕೆಯ ಮೇಲೆ ನಾನು ಕಲಿತದ್ದು ಇದು: ಎದುರಾಳಿಯನ್ನು ತಡೆಯಬೇಡ, ಅವನ ವಾದವನ್ನು ಅವನ ಬಾಯಿಂದಲೇ ಪೂರ್ತಿಯಾಗಿ ಹೇಳಿಸು. ನನಗೆ ಬೇಕಾದದ್ದು ಒಂದೇ. ಯಾವ ಭಾಷೆಯಲ್ಲಿ, ಯಾರ ಮುಂದೆ ನನ್ನ ಮೇಲೆ ತಪ್ಪು ಹೊರಿಸಿದರೋ ಅದೇ ಭಾಷೆಯಲ್ಲಿ, ಅವರ ಮುಂದೆಯೇ ಅದನ್ನು ವಾಪಸ್ ತೆಗೆದುಕೊಳ್ಳಬೇಕು.

ಸಾಹೇಬರು ಕಂಡುಕೊಂಡ ಪರಿಹಾರ ನನಗೆ ಉಡುಗೊರೆಯಂತೆ ಸಿಕ್ಕಿತು. ಟ್ರೆಂಚು ಅದೇ ಇರಲಿ, ಎರಡು ಕೇಬಲ್‌ಗಳ ನಡುವೆ ಸಾಲಾಗಿ ಇಟ್ಟಿಗೆ ನಿಲ್ಲಿಸು ಎಂದರು. ಅಗೆಯುವ ಮಷಿನ್ನಿಗೆ ಇಟ್ಟಿಗೆ ಯಾವ ಲೆಕ್ಕ! ಒಂದೊಂದು ಇಟ್ಟಿಗೆಯನ್ನೂ ಶ್ರದ್ಧೆಯಿಂದ ನಕ್ಷೆಯಲ್ಲಿ ಬಿಡಿಸಿದೆ. ಮುಂದಿನ ಸಭೆಗೆ ಹೋಗುವ ದಿನ ಲೋಕಲ್ ರೈಲಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕರೂ ಕೂರಲಾಗದಷ್ಟು ಖುಷಿಯಲ್ಲಿದ್ದೆ.

ಸಭೆಯಲ್ಲಿ ಅವರು ತಮ್ಮ ಇಟ್ಟಿಗೆಯನ್ನು ಚೆನ್ನಾಗಿಯೇ ವರ್ಣಿಸಿದರು. ಮುಗಿಯುವವರೆಗೆ ಕಾದು, ಗೇಟಿನ ಪಕ್ಕದಲ್ಲೇ, ನಕ್ಷೆಯ ಆ ಟ್ರೆಂಚಿನ ಮೇಲೆ ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆದೆ. ಇಲ್ಲಿ ಮಷಿನ್ ಅಗೆದರೆ ಆಸ್ಪತ್ರೆಗೆ ಕರೆಂಟು ಎಲ್ಲಿಂದ ಕೊಡುವುದು, ನನಗೆ ಕಲಿಸಿಕೊಡಿ ಎಂದು ಸಾಹೇಬರನ್ನು ವಿನಯದಿಂದ ಹಿಂದಿಯಲ್ಲಿ ಕೇಳಿದೆ.

"ದೂಸ್ರೀ ಸೈಡ್ ಸೇ," ಎಂದರು ಥಟ್ಟನೆ. ಇನ್ನೊಂದು ಬದಿಯಿಂದ.

ಇನ್ನೊಂದು ಬದಿಯ ಕೇಬಲನ್ನು ಬೆರಳಿನಿಂದ ಹಿಂಬಾಲಿಸುತ್ತ ಬಂದೆ. ಬೆರಳು ಅದೇ ಕೆಂಪು ಗೆರೆಗೆ ಬಂದು ನಿಂತಿತು.

"ಜನರೇಟರ್ ಹೈ ನಾ," ಎಂದರು.

"ಫಿರ್ ರಿಂಗ್ ಕಿಸ್ ಲಿಯೇ?" ಎಂದರು ಚೀಫ್. ಹಾಗಾದರೆ ರಿಂಗ್ ಯಾಕೆ? ಆಮೇಲೆ ನನ್ನ ಕಡೆ ತಿರುಗಿ, ಮೊದಲ ರೂಟ್ ನಿನ್ನದೇ ಅಲ್ಲವೇ ಎಂದರು. ನನ್ನ ರೂಟ್ ಪೂರ್ವದ ನಾಲಾ ಬದಿಯಲ್ಲಿತ್ತು ಎಂದೆ. ಅವರು ಸಾಹೇಬರನ್ನು ನೋಡಿ ಮರಾಠಿಯಲ್ಲಿ ಕೇಳಿದರು: "ಮಗ ತಿಚೀ ಚೂಕ್ ಕಶೀ?" ಹಾಗಿದ್ದರೆ ಅವಳ ತಪ್ಪು ಹೇಗೆ?

ಸಾಹೇಬರು ನನ್ನತ್ತ ಬಾಗಿದರು. ಕಿವಿಯ ಹತ್ತಿರ ಮೆಲ್ಲನೆಯ ಕನ್ನಡ. "ಸಾಕಮ್ಮ, ಬಿಡು. ಹೊರಗೆ ಮಾತಾಡೋಣ. ನಾವು ಕನ್ನಡದವರೇ ಹಿಂಗ್ ಮಾಡಿದ್ರೆ ಹೇಗೆ?"

"ಸರ್, ಹಿಂದೀ ಮೇ ಬೋಲಿಯೇ, ಸಬ್ ಬೈಠೇ ಹೈ," ಎಂದೆ, ಇಡೀ ಮೇಜಿಗೆ ಕೇಳುವಂತೆ. ಹಿಂದಿಯಲ್ಲಿ ಹೇಳಿ, ಎಲ್ಲರೂ ಕೂತಿದ್ದಾರೆ.

ಅವರ ಕಿವಿಗಳು ಕೆಂಪಾದವು. ಪಾಪ ಎನಿಸಲಿಲ್ಲವೇ? ಇಲ್ಲ. ಹುಡುಕಿ ನೋಡಿದೆ, ಎಲ್ಲೂ ಇರಲಿಲ್ಲ. ನೀರಿನ ಲೋಟ ಎತ್ತಿ, ಕುಡಿಯದೆ ಕೆಳಗಿಟ್ಟು, ನಕ್ಷೆಯನ್ನು ನೋಡುತ್ತ ಅವರು ಹೇಳಿದರು: "ರೂಟ್ ಮೈನೇ ಬದ್ಲಾ ಥಾ. ಗಲತೀ ಮೇರೀ ಥೀ." ರೂಟ್ ಬದಲಿಸಿದ್ದು ನಾನು, ತಪ್ಪು ನನ್ನದು.

ಮೇಜಿನ ಆ ತುದಿಯಲ್ಲಿ ಇಬ್ಬರು ಕೂತಿದ್ದರು. ಹಿಂದಿನ ಸಲ ಎಲ್ಲರಿಗಿಂತ ಜೋರಾಗಿ ನಕ್ಕವರು. ಹಿಂದೆ ಕೂತ ಅವರಿಗೂ ಇದು ಜೋರಾಗಿಯೇ ಕೇಳಿಸಬೇಕಿತ್ತು.

"ಸರ್," ಎಂದೆ, "ಪೀಛೇ ಸುನಾಯೀ ನಹೀ ದಿಯಾ. ಜರಾ ಜೋರ್ ಸೇ."