ಒಡೆದ ಬಟ್ಟಲುಗಳನ್ನು ಕಾಯುವಾಕೆ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಪೈನ್ ಮರಗಳ ನಡುವೆ ಮಂಜು ನೆಲಕ್ಕಂಟಿ ತೆವಳುತ್ತಿದೆ. ತೆವಳುತ್ತಾ ಅಲ್ಲಲ್ಲಿ ತಗ್ಗಿಗಿಳಿದು ನಿಲ್ಲುತ್ತದೆ. ಉದ್ದನೆಯ ತಗ್ಗುಗಳು, ಒಬ್ಬೊಬ್ಬರು ಮಲಗುವಷ್ಟು. ತಲೆ ಪಡುವಣಕ್ಕೆ, ಕಾಲು ಮೂಡಣಕ್ಕೆ. ದೂರದಿಂದ ನೋಡಿದರೆ ಊರಿಗೂರೇ ಬಿಳಿ ದುಪ್ಪಟಿ ಹೊದ್ದು ನಿದ್ದೆಹೋದಂತಿದೆ. ಆ ಸಾಲುಗಳ ನಡುವೆ, ರಬ್ಬರ್ ಬೂಟು ತೊಟ್ಟ ಓಜೆಲ್ಲಾ ಸ್ಟಾಲ್‌ವರ್ತ್ ಬುಟ್ಟಿ ಹಿಡಿದು ನಡೆಯುತ್ತಿದ್ದಾರೆ. ಬುಟ್ಟಿಯಲ್ಲಿ ಬಾಯಿ ಮುರಿದ ಬಟ್ಟಲು, ದೀಪದ ಗಾಜು, ಒಂದು ಶಂಖ.

"ಮೆತ್ತಗೆ ಹೆಜ್ಜೆ ಇಡು ಮಗಾ. ಅಂಕಲ್ ಥಿಯೋ ಮೇಲೆ ನಿಂತಿದೀಯ. ಬದುಕಿದ್ದಾಗ್ಲೇ ಬೆಳಗ್ಗೆ ಎಬ್ಸಿದ್ರೆ ಬೈತಿದ್ದ ಮನುಷ್ಯ," ಎನ್ನುತ್ತಾರೆ ಹಿಂದೆ ಬರುತ್ತಿರುವ ನನಗೆ.

ಅಲಬಾಮಾದ ನಮ್ಮ ಸೀಡರ್ ಫೋರ್ಡಿನಲ್ಲಿ, ಮೌಂಟ್ ನೀಬೋ ಚರ್ಚಿನ ಹಿಂದೆ, ಕಪ್ಪು ಜನರನ್ನು ಹೂಳುತ್ತಾ ಬಂದ ನೆಲ ಇದು. ಬಿಸಿಲೇರಿದ ಮೇಲೆ ಮಿಸ್ ಓಜೆಲ್ಲಾ ಊರೊಳಗೆ ಸಂಬಳದ ಕೆಲಸಕ್ಕೆ ಹೋಗಬೇಕು: ಚರಿತ್ರೆಯ ಫಲಕಗಳನ್ನು ತೊಳೆಯುವುದು, ಮಾಸಿದ ಅಕ್ಷರಗಳಿಗೆ ಬಣ್ಣ ತುಂಬುವುದು. ಹಳೇ ಯುದ್ಧದ ಕರ್ನಲ್ ಸಾಹೇಬನೊಬ್ಬ ಒಂದು ರಾತ್ರಿ ಗೊರಕೆ ಹೊಡೆದ ಮನೆಗೆ ಫಲಕವಿದೆ. ಅವನ ಕುದುರೆ ನೀರು ಕುಡಿದ ತೊಟ್ಟಿಗೂ ಇದೆ. ಆ ತೊಟ್ಟಿ ಕಟ್ಟಿದವರು, ಆ ಮನೆಗೆ ಇಟ್ಟಿಗೆ ಸುಟ್ಟವರು ಇಲ್ಲಿ ಮಲಗಿದ್ದಾರೆ. ತಲೆಯ ಬಳಿ ಒಂದು ಕಲ್ಲೂ ಇಲ್ಲ. ಕುದುರೆಗಿಂತ ಕಡೆಯಾದರೇ ಇವರು? ಆ ಕುದುರೆಯ ಹೆಸರನ್ನು ವರ್ಷವರ್ಷವೂ ಬಂಗಾರದ ಬಣ್ಣದಲ್ಲಿ ತಿದ್ದುವವರು ಮಿಸ್ ಓಜೆಲ್ಲಾನೇ. ಸಿಟ್ಟು ಬರಲ್ವಾ ಎಂದರೆ ನಗುತ್ತಾರೆ.

"ಕುದುರೆ ಏನ್ ಮಾಡ್ತು ಪಾಪ? ಬಾಯಾರಿತ್ತು, ಕುಡೀತು."

ಕಲ್ಲಿಲ್ಲದ ಗೋರಿಗೆ ಬಟ್ಟಲೇ ಗುರುತು. ಸತ್ತವರು ಕಡೆಯದಾಗಿ ಬಾಯಿಗಿಟ್ಟ ಪಾತ್ರೆಯನ್ನು ಒಡೆದು ಮಣ್ಣಿನ ಮೇಲಿಡುತ್ತೇವೆ; ಕೆಲವರು ದೀಪದ ಗಾಜು, ಶಂಖವನ್ನೂ ಇಡುತ್ತಾರೆ. "ಸಾವಿನ ಸರಪಳಿ ಕಡೀಲಿ ಅಂತ ಒಡಿಯೋದು," ಎನ್ನುತ್ತಾರೆ ಮಿಸ್ ಓಜೆಲ್ಲಾ. " ಇಲ್ದಿದ್ರೆ ಹೋದೋರು ಮನೇಲಿ ಇನ್ನೊಬ್ರನ್ನ ಕರ್ಕೊಳ್ತಾರೆ."

ಈ ವಸಂತದಲ್ಲಿ ಊರ ಪರಂಪರೆ ಸಮಿತಿಯವರು ಹೊಸ ಕೈಗವಸು ತೊಟ್ಟು ಬಂದರು. ಕೇಳಲಿಲ್ಲ, ಹೇಳಲಿಲ್ಲ. ಒಡಕು ಪಾತ್ರೆಗಳನ್ನೆಲ್ಲ ಗುಡಿಸಿ ಲಾರಿಗೆ ತುಂಬಿದರು. ಪರಂಪರೆ ಉಳಿಸಲು ಬಂದವರು! "ಎಷ್ಟೊಂದು ಕಸ ಇತ್ತು ಗೊತ್ತಾ ಮಿಸ್ ಓಜೆಲ್ಲಾ! ನಿಮಗೆ ಖುಷಿ ಆಗತ್ತೆ ಅಂದ್ಕೊಂಡ್ವಿ," ಎಂದರಂತೆ ಸಮಿತಿಯ ಮಿಸೆಸ್ ಹಾರ್ಗ್ರೋವ್.

ಮಿಸ್ ಓಜೆಲ್ಲಾ ಕೇಳಿದ್ದು ಒಂದೇ ಮಾತು. "ಲಾರಿ ಯಾವ ಕಡೆ ಹೋಯ್ತು ಮ್ಯಾಡಮ್?"

ಲಾರಿಯ ಜಾಡು ಹಿಡಿದು ಊರ ಕಸದ ಗುಡ್ಡೆಗೆ ಹೋದರು. ಅದನ್ನು ಕಾಯುವ ಕ್ಲೀಟಸ್ ಇವರ ಜೊತೆ ಶಾಲೆ ಕಲಿತವನು. "ಏನ್ ಓಜೆಲ್ಲಾ, ಮದ್ವೆ ಸಾಮಾನು ಹುಡುಕ್ತಿದೀಯಾ?" ಎಂದು ಕಿಚಾಯಿಸಿದ.

"ನಿಮ್ಮಜ್ಜಿ ಸಕ್ಕರೆ ಬಟ್ಟಲು ಕಣೋ ಪೆದ್ದ. ಬಗ್ಗು."

ಅವನೂ ಬಗ್ಗಿದ.

ಸಿಕ್ಕಿದ್ದನ್ನೆಲ್ಲ ತೊಳೆದು ಭಾನುವಾರ ಚರ್ಚಿನ ಬೆಂಚುಗಳ ಮೇಲೆ ಹರಡಿದರು. ಮನೆಮನೆಯವರು ಮುತ್ತಿಕೊಂಡರು. "ಇದು ನಮ್ಮತ್ತೇದು!" "ನಿಮ್ಮತ್ತೆ ಜನ್ಮದಲ್ಲಿ ಅಷ್ಟು ಚಂದದ ಬಟ್ಟಲು ನೋಡಿದ್ಲಾ?" ಜಗಳ, ನಗು, ನಡುವೆ ಅಳು. ಪಾತ್ರೆ ಸಿಕ್ಕಿತು, ಜಾಗ? ಬಿಸಿಲೇರಿದರೆ ಹುಲ್ಲು ಎಲ್ಲ ತಗ್ಗನ್ನೂ ಒಂದೇ ಮಾಡಿಬಿಡುತ್ತದೆ. ಯಾರು ಎಲ್ಲಿದ್ದಾರೆಂದು ಮುಂಜಾವಿನ ಮಂಜಿಗಷ್ಟೇ ಗೊತ್ತು. ಅಂದಿನಿಂದ ಮಿಸ್ ಓಜೆಲ್ಲಾ ದಿನಾ ಬೆಳಗ್ಗೆ ಬರುತ್ತಿದ್ದಾರೆ. ಆಯಾ ಮನೆಯ ಹಿರಿಯರು ಬೇಲಿಯ ಬಳಿ ನಿಂತು ಕೈ ತೋರಿಸುತ್ತಾರೆ, ಇವರು ಬಟ್ಟಲು ಇಡುತ್ತಾರೆ.

ಸಿಗದೆ ಹೋದದ್ದು ಮಿಸ್ ಓಜೆಲ್ಲಾರ ಅವ್ವನ ನೀಲಿ ಹೂಜಿ. ಬಟ್ಟಲಿಲ್ಲದೆ ಉಳಿದ ತಗ್ಗುಗಳು ಎರಡು, ಅಕ್ಕಪಕ್ಕ. ಒಂದು ಅವ್ವನದು. ಇನ್ನೊಂದನ್ನು ಕೇಳಿಕೊಂಡು ಯಾರೂ ಬಂದಿಲ್ಲ.

"ಅವ್ವನ ಕಡೆಯೋರು ಈಗ ನಾನೊಬ್ಳೇ. ಪ್ರತಿ ಸಲ ಬಂದು ಹೂಜಿ ಹುಡ್ಕಿ, ಅಲ್ಲೇ ಕೂತ್ಕೊಳ್ತಿದ್ದೆ. ನನಗೆ ಜಾಗ ಗೊತ್ತಿರ್ಲಿಲ್ಲ, ಹೂಜಿ ಗೊತ್ತಿತ್ತು."

ಎರಡು ತಗ್ಗನ್ನೂ ಬಗ್ಗಿ ನೋಡುತ್ತಾರೆ; ಯಾವುದು ಅವ್ವನದೆಂದು ಗೊತ್ತಾಗುವುದಿಲ್ಲ. ಆಮೇಲೆ ಬುಟ್ಟಿಯ ತಳದಿಂದ ಬಟ್ಟೆ ಸುತ್ತಿದ ಹೂಜಿಯೊಂದನ್ನು ತೆಗೆಯುತ್ತಾರೆ. ಅವರ ಅಡುಗೆಮನೆಯದು, ಭಾನುವಾರದ ಊಟಕ್ಕೆ ತಣ್ಣನೆಯ ಸಿಹಿ ಚಹಾ ತುಂಬಿಡುವಂಥದು. ಪೈನ್ ಮರದ ಬೇರಿಗೆ ತಟ್ಟಿ ಎರಡು ಹೋಳು ಮಾಡುತ್ತಾರೆ. ಒಂದು ಈ ತಗ್ಗಿಗೆ, ಒಂದು ಆ ತಗ್ಗಿಗೆ.

ಅರ್ಧ ಯಾರದೋ ಪಾಲಾಯಿತಲ್ಲ ಎಂದರೆ, ಕೈಯ ಮಣ್ಣನ್ನು ಲಂಗಕ್ಕೆ ಒರೆಸಿಕೊಳ್ಳುತ್ತಾರೆ.

"ಯಾರದೋ ಅಂದ್ರೆ? ಇಷ್ಟು ವರ್ಷದಿಂದ ಅವ್ವನ ಪಕ್ಕದ ಮನೆಯೋರು. ಪಕ್ಕದೋರಿಗೆ ಕೊಡದೆ ಕುಡಿದೋಳಲ್ಲ ನಮ್ಮವ್ವ."